12 ವರ್ಷದ ಮಗಳಿಗೆ ಜಿಂಕೆ ಸೀಸನ್‌ಗೆ ಯಾವ ಕೋವಿ? (ಓಹಾಯೋ)

ಸಕಲೇಶಪುರ_ಟು_ಓಹಾಯೋ

ಎಲ್ಲರಿಗೂ ನಮಸ್ಕಾರ. ನಾವಿರುವುದು ಕೊಲಂಬಸ್‌ನಿಂದ ಸ್ವಲ್ಪ ಆಚೆ, ಸುತ್ತಲೂ ಮೆಕ್ಕೆಜೋಳ, ಸೋಯಾ ಹೊಲ. ಪಕ್ಕದ ಹೊಲದ ಅಜ್ಜ ಪ್ರತಿ ನವೆಂಬರ್‌ನಲ್ಲಿ ಮೊಮ್ಮಕ್ಕಳಿಬ್ಬರನ್ನು ಯೂತ್ ಸೀಸನ್‌ಗೆ (ಮಕ್ಕಳಿಗೇ ಮೀಸಲಾದ ಬೇಟೆ ದಿನಗಳು) ಜಿಂಕೆ ಬೇಟೆಗೆ ಕರೆದುಕೊಂಡು ಹೋಗುತ್ತಾರೆ. ಅವರ ಜೊತೆಯೇ ಬೆಳೆದ ನನ್ನ ಮಗಳಿಗೂ ಈ ಸಲ ಹೋಗಲೇಬೇಕು ಅಂತ ಹಟ. ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿ ಪಾಸೂ ಆಗಿದ್ದಾಳೆ. ವಯಸ್ಸು 12, ಎತ್ತರ 4 ಅಡಿ 9 ಅಂಗುಲ, ತೂಕ 38 ಕಿಲೋ.

ನಮ್ಮ ಊರ ಮನೆಯಲ್ಲಿ ತಾತನ ಜೋಡುನಳಿಗೆ ಇತ್ತು. ಗದ್ದೆಗೆ ಹಂದಿ ಬಂದಾಗ ಹೆದರಿಸೋಕೆ ಒಂದು ಈಡು ಹೊಡೆಯುತ್ತಿದ್ದರು. ನನಗೆ ಗೊತ್ತಿರುವ ಕೋವಿ ವಿದ್ಯೆ ಅಷ್ಟೇ. ಈಗ ಅಜ್ಜ ತಮ್ಮ ಹಳೇ 12 ಗೇಜ್ ಕೊಡುತ್ತೇನೆ ಅನ್ನುತ್ತಾರೆ. ಆಫೀಸಿನ ಗೆಳೆಯ "ಮಕ್ಕಳಿಗೆ .410 ಸಾಕು" ಅನ್ನುತ್ತಾನೆ. ಅಂಗಡಿಯವನು 20 ಗೇಜ್ ಅಂದ. ಬಜೆಟ್ 500 ಡಾಲರ್ ಒಳಗೆ. ನಾವು ಸಿಟಿಜನ್ಸ್, ಆದ್ದರಿಂದ ಕಾಗದಪತ್ರದ ತೊಂದರೆ ಇಲ್ಲ. ಏನು ಮಾಡಲಿ?

ಪೆನ್ಸಿಲ್ವೇನಿಯಾ_ಕೊಡವ

20 ಗೇಜ್. ಯೋಚನೆ ಮಾಡಬೇಡಿ.

ಕಾರಣ ಹೇಳುತ್ತೇನೆ. ಗೇಜ್ ಅಂದರೆ ಹಳೇ ಲೆಕ್ಕ. ಒಂದು ಪೌಂಡ್ ಸೀಸದಲ್ಲಿ ನಳಿಗೆಯ ಅಳತೆಯ 12 ಗುಂಡು ಆದರೆ 12 ಗೇಜ್, 20 ಆದರೆ 20 ಗೇಜ್. ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣ. ಜಿಂಕೆಗೆ ನೀವು ಹಾಕುವುದು ಚರೆ (ಸಣ್ಣ ಸಣ್ಣ ಗುಂಡುಗಳು) ಅಲ್ಲ, ಒಂದೇ ಗುಂಡಿನ ತೋಟಾ, ಅಂದರೆ ಸ್ಲಗ್. 12 ಗೇಜ್‌ನ ಸಾಮಾನ್ಯ ಸ್ಲಗ್ 1 ಔನ್ಸ್, ಸುಮಾರು 28 ಗ್ರಾಂ. 20ರದ್ದು ಮುಕ್ಕಾಲು ಔನ್ಸ್ ಆಸುಪಾಸು, 21 ಗ್ರಾಂ. ಹತ್ತಿರದಿಂದ ಸರಿಯಾದ ಜಾಗಕ್ಕೆ ಬಿದ್ದರೆ ಎರಡಕ್ಕೂ ಜಿಂಕೆ ಒಂದೇ ರೀತಿ ಬೀಳುತ್ತದೆ. ಆದರೆ ಹಿಂದಿರುವ ಭುಜಕ್ಕೆ ಎರಡೂ ಒಂದೇ ಅಲ್ಲ. 38 ಕಿಲೋ ಮಗುವಿಗೆ 12 ಗೇಜ್ ಸ್ಲಗ್ ಒದ್ದರೆ ಮುಂದಿನ ಸಲ ಕುದುರೆ (ಟ್ರಿಗರ್) ಎಳೆಯುವ ಮುಂಚೆಯೇ ಕಣ್ಣು ಮುಚ್ಚುತ್ತಾಳೆ. ಆ ಅಭ್ಯಾಸ ಒಂದೇ ಏಟಿಗೆ ಹತ್ತುತ್ತದೆ, ಬಿಡಿಸೋಕೆ ವರ್ಷಗಳು ಬೇಕು.

.410 ಮಾತ್ರ ಗೇಜ್ ಲೆಕ್ಕ ಅಲ್ಲ, ನಳಿಗೆಯ ವ್ಯಾಸ ಅಂಗುಲದಲ್ಲಿ. ಅದರ ಸ್ಲಗ್ ಔನ್ಸಿನ ಐದನೇ ಒಂದು ಭಾಗ ಇರುತ್ತದೆ, 6 ಗ್ರಾಂ ಅಷ್ಟೇ. ಕೈ ಪಳಗಿದವರು ಹತ್ತಿರದಿಂದ ಹೊಡೆದು ಬೀಳಿಸುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಏಟು ಸ್ವಲ್ಪ ಆಚೀಚೆ ಆದರೂ ಪ್ರಾಣಿ ಗಾಯ ಮಾಡಿಕೊಂಡು ಓಡುತ್ತದೆ. ಹೊಸಬರ ಕೈಗೆ .410 ಕೊಡುವುದು ಉಲ್ಟಾ ಕೆಲಸ.

ಬಸವನಗುಡಿ_ಬಾಯ್

ಕ್ಷಮಿಸಿ, ವಿಷಯಾಂತರ. 12 ವರ್ಷದ ಹುಡುಗಿ ಕೈಗೆ ಬಂದೂಕು ಕೊಟ್ಟು ಜಿಂಕೆ ಕೊಲ್ಲಿಸೋದು ಬೇಕಾ? ಅಂಗಡಿಯಲ್ಲಿ ಮಾಂಸ ಸಿಗಲ್ವಾ?

ಮಿಡ್‌ವೆಸ್ಟ್_ಅಮ್ಮ

@ಬಸವನಗುಡಿ_ಬಾಯ್ ನಿಮ್ಮ ಪ್ರಶ್ನೆ ತಪ್ಪಲ್ಲ. ನಮ್ಮ ಮನೆಯಲ್ಲೂ ಇದೇ ಜಗಳ ಆಗಿತ್ತು. ನಾನೂ ಮಾಂಸ ತಿನ್ನುವುದಿಲ್ಲ, ಮಗ ಬೇಟೆಗೆ ಹೋಗುತ್ತಾನೆ. ನನಗೆ ಸಮಾಧಾನ ಕೊಟ್ಟಿದ್ದು ಇಲ್ಲಿನ ಇತಿಹಾಸ. 1904ರ ಹೊತ್ತಿಗೆ ಓಹಾಯೋದಲ್ಲಿ ಒಂದು ಕಾಡು ಜಿಂಕೆಯೂ ಉಳಿದಿರಲಿಲ್ಲ. ಕಾಡು ಕಡಿದಿದ್ದು ಒಂದು ಕಡೆ, ಲಗಾಮಿಲ್ಲದ ಬೇಟೆ ಇನ್ನೊಂದು ಕಡೆ. ಈಗ 88 ಕೌಂಟಿಗಳಲ್ಲೂ ಇವೆ. ಅವು ವಾಪಸ್ ಬಂದಿದ್ದು ಸೀಸನ್, ಪರ್ಮಿಟ್, ಮಿತಿ ಅಂತೆಲ್ಲ ಕಟ್ಟುನಿಟ್ಟು ಬಂದ ಮೇಲೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಪ್ರಕಾರ ಕೋವಿ, ತೋಟಾ ಮೇಲಿನ ಶೇ 11 ತೆರಿಗೆ ರಾಜ್ಯಗಳ ವನ್ಯಜೀವಿ ಕೆಲಸಕ್ಕೇ ಹೋಗುತ್ತದೆ. ತೋಳ, ಪೂಮಾ ಈ ಕಡೆ ಇಲ್ಲ. ಬೇಟೆ ನಿಂತರೆ ಜಿಂಕೆಗಳು ಹೊಲಕ್ಕೆ ಬರುತ್ತವೆ, ಆಮೇಲೆ ಹೆದ್ದಾರಿಯಲ್ಲಿ ಕಾರಿಗೆ ಸಿಗುತ್ತವೆ.

ಇಷ್ಟು ಹೇಳಿದರೂ ನಿಮಗೆ ಬೇಡ ಅನ್ನಿಸಿದರೆ ಅದೂ ಸರಿಯೇ. ಆದರೆ ಇಲ್ಲಿ ಕೇಳಿರುವುದು ಹೋಗಬೇಕೋ ಬೇಡವೋ ಅಂತ ಅಲ್ಲ. ಹೋಗುವುದಾದರೆ ಸರಿಯಾಗಿ ಹೋಗಲಿ ಅಂತ.

ಬಸವನಗುಡಿ_ಬಾಯ್

ಸರಿ ಅಕ್ಕ. ಒಪ್ಪಲ್ಲ, ಆದರೆ ಅರ್ಥ ಆಯಿತು. ಓದ್ತಾ ಇರ್ತೀನಿ.

ರೇಂಜ್_ರಾಯರು

ನಾನು ಇಲ್ಲಿ ವಾರಾಂತ್ಯಗಳಲ್ಲಿ ಮಕ್ಕಳಿಗೆ ಶೂಟಿಂಗ್ ಹೇಳಿಕೊಡುವವರ ಜೊತೆ ಕೆಲಸ ಮಾಡುತ್ತೇನೆ. ಎಲ್ಲರೂ ಗೇಜ್ ಬಗ್ಗೆ ಮಾತಾಡುತ್ತೀರಿ. ಅದಕ್ಕಿಂತ ಮುಖ್ಯ ಅಳತೆ.

ಕೋವಿಯ ಹಿಂತುದಿಯಿಂದ ಕುದುರೆವರೆಗಿನ ಉದ್ದ ನೋಡಿ. ದೊಡ್ಡವರ ಕೋವಿಯಲ್ಲಿ ಅದು 14 ಅಂಗುಲದ ಹತ್ತಿರ. ನಿಮ್ಮ ಮಗಳಿಗೆ 12ರಿಂದ 13 ಸಾಕು. ಉದ್ದ ಜಾಸ್ತಿಯಾದರೆ ಮಗು ಸೊಂಟದಿಂದ ಹಿಂದಕ್ಕೆ ವಾಲಿ ನಿಲ್ಲುತ್ತದೆ, ಹಿಂತುದಿ ಭುಜದ ಗುಳಿ ಬಿಟ್ಟು ತೋಳಿನ ಮೇಲೆ ಕೂರುತ್ತದೆ. ಆಗ 20 ಗೇಜ್ ಕೂಡ 12ರಷ್ಟೇ ನೋಯಿಸುತ್ತದೆ. ಅಂಗಡಿಯಲ್ಲೇ ನೋಡಬಹುದು. ಕೋವಿ ಖಾಲಿ ಅಂತ ಎರಡು ಸಲ ಖಚಿತ ಮಾಡಿಕೊಳ್ಳಿ. ಅವಳು ಭುಜಕ್ಕೆ ಏರಿಸಿ ಕೆನ್ನೆ ಒತ್ತಲಿ. ಹೆಬ್ಬೆರಳಿಗೂ ಮೂಗಿಗೂ ನಡುವೆ ಎರಡು ಮೂರು ಬೆರಳು ಜಾಗ ಇರಬೇಕು. ಒಂದು ನಿಮಿಷ ಹಾಗೇ ಹಿಡಿದು ನಿಲ್ಲಲಿ. ನಳಿಗೆ ಮೆಲ್ಲಗೆ ಕೆಳಗೆ ಜಾರಿದರೆ ಆ ಕೋವಿ ಅವಳಿಗೆ ಭಾರ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ: ಆಗಸ್ಟ್‌ನಲ್ಲಿ ಟೀ ಶರ್ಟ್ ಹಾಕಿಕೊಂಡು ಸರಿಹೋದ ಕೋವಿ ನವೆಂಬರ್‌ನ ದಪ್ಪ ಜಾಕೆಟ್ ಮೇಲೆ ಉದ್ದವಾಗುತ್ತದೆ. ಅಂಗಡಿಗೆ ಚಳಿ ಕೋಟು ತೆಗೆದುಕೊಂಡು ಹೋಗಿ. ನಗುತ್ತಾರೆ, ನಗಲಿ.

ಸಕಲೇಶಪುರ_ಟು_ಓಹಾಯೋ

ರಾಯರೇ, ಕೋಟಿನ ವಿಷಯ ನನ್ನ ತಲೆಗೆ ಬಂದೇ ಇರಲಿಲ್ಲ. ಯಾವ ಮಾಡೆಲ್ ನೋಡಲಿ ಅಂತಲೂ ಹೇಳಿಬಿಡಿ. ಸಿಂಗಲ್ ಶಾಟ್ ಸೇಫ್ ಅಂತಾರೆ, ಹೌದಾ?

ಪೆನ್ಸಿಲ್ವೇನಿಯಾ_ಕೊಡವ

ಸಿಂಗಲ್ ಶಾಟ್ ತಗೊಳ್ಳಿ ಸರ್. ಮಡಚಿದರೆ ನಳಿಗೆ ಖಾಲಿ ಇದೆಯಾ ಅಂತ ಹತ್ತು ಅಡಿ ದೂರದಿಂದಲೂ ಕಾಣುತ್ತದೆ. ಒಂದೇ ತೋಟಾ ಇದ್ದರೆ ಮಗು ಆ ಒಂದನ್ನು ಜೋಪಾನವಾಗಿ ಹೊಡೆಯುತ್ತದೆ. ಎಚ್ ಆಂಡ್ ಆರ್ ಕಂಪನಿಯ ಹಳೇ ಯೂತ್ ಸಿಂಗಲ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತವೆ.

ರೇಂಜ್_ರಾಯರು

ಕೊಡವ ಅಣ್ಣನ ಮಾತಿಗೆ ಅರ್ಧ ಮಾತ್ರ ಒಪ್ಪಿಗೆ. ಒದೆ ಎಷ್ಟು ಅನ್ನುವುದು ಮೂರು ಸಂಗತಿಯ ಲೆಕ್ಕ: ಗುಂಡಿನ ತೂಕ, ಅದರ ವೇಗ, ಕೋವಿಯ ತೂಕ. ಆ ಹಗುರ ಸಿಂಗಲ್ ಶಾಟ್‌ಗಳು ಕೈಯಲ್ಲಿ ಹಿಡಿಯೋಕೆ ಚೆಂದ, ಸ್ಲಗ್ ಹಾಕಿದರೆ ಹೇಸರಗತ್ತೆ ಹಾಗೆ ಒದೆಯುತ್ತವೆ. ಜೊತೆಗೆ ಹೊರಗಿನ ಹ್ಯಾಮರ್ ಅನ್ನು ಹೆಬ್ಬೆರಳಿನಿಂದ ಎಳೆದು ಏರಿಸಬೇಕು. ಜಿಂಕೆ ಬರದಿದ್ದರೆ ಅದನ್ನೇ ಮೆಲ್ಲಗೆ ಇಳಿಸಬೇಕು. ಚಳಿಗೆ ಮರಗಟ್ಟಿದ 12 ವರ್ಷದ ಹೆಬ್ಬೆರಳು ಇಳಿಸುವಾಗ ಜಾರುತ್ತದೆ. ನನಗೆ ಭಯ ಅಲ್ಲೇ.

ನನ್ನ ಆಯ್ಕೆ 20 ಗೇಜ್ ಯೂತ್ ಪಂಪ್, ಅಂದರೆ ಮುಂದಿನ ಹಿಡಿ ಹಿಂದೆ ಮುಂದೆ ಎಳೆದು ತೋಟಾ ಏರಿಸುವ, ಮಕ್ಕಳ ಅಳತೆಯ ಕೋವಿ. ಮಾಸ್‌ಬರ್ಗ್ 500ರ ಬ್ಯಾಂಟಮ್, ಸೂಪರ್ ಬ್ಯಾಂಟಮ್ ಮಾದರಿಗಳಿವೆ. ಸೂಪರ್ ಬ್ಯಾಂಟಮ್‌ನಲ್ಲಿ ಹಿಡಿಯ ಉದ್ದವನ್ನು 12ರಿಂದ 13 ಅಂಗುಲಕ್ಕೆ ಹೊಂದಿಸಬಹುದು, ಮಗು ಬೆಳೆದಂತೆ ಕೋವಿಯೂ ಬೆಳೆಯುತ್ತದೆ. ಸೇಫ್ಟಿ ಮೇಲ್ಗಡೆ ಇದೆ, ಎಡಗೈಯವರಿಗೂ ಸಲೀಸು. ರೆಮಿಂಗ್ಟನ್ 870ರ ಯೂತ್ ಮಾದರಿಯೂ ಒಳ್ಳೆಯದು. ಸ್ಲಗ್‌ಗೆ ಅಂತಲೇ ಮಾಡಿದ್ದು ಬೇಕು ಅಂದರೆ ಸ್ಯಾವೇಜ್ 220, ಬೋಲ್ಟ್ ಆಕ್ಷನ್, ಗುರಿ ರೈಫಲ್ ಥರ. ಆದರೆ ನಿಮ್ಮ ಬಜೆಟ್ ದಾಟುತ್ತದೆ. ಪಂಪ್‌ನಲ್ಲೂ ಮೊದಲ ವರ್ಷ ಒಂದೇ ತೋಟಾ ಹಾಕಿ ಕೊಡಿ, ಸಿಂಗಲ್ ಶಾಟ್‌ನ ಲಾಭ ಇಲ್ಲೂ ಸಿಕ್ಕಿತು. ಅಂದಹಾಗೆ ಓಹಾಯೋದಲ್ಲಿ ಜಿಂಕೆಗೆ ಒಟ್ಟು 3 ತೋಟಾಕ್ಕಿಂತ ಜಾಸ್ತಿ ಹಿಡಿಯದಂತೆ ಮ್ಯಾಗಝಿನ್‌ಗೆ ಪ್ಲಗ್ ಇರಲೇಬೇಕು. ಬಕ್‌ಶಾಟ್ (ದಪ್ಪ ಚರೆ) ಜಿಂಕೆಗೆ ನಿಷೇಧ.

ಡೇಟನ್_ದಾವಣಗೆರೆ

ಯಾರೂ .350 ಲೆಜೆಂಡ್ ಅನ್ನುವ ರೈಫಲ್ ತೋಟಾದ ಹೆಸರೇ ಎತ್ತಲಿಲ್ವಲ್ಲ! ಓಹಾಯೋ 2014ರಿಂದ ಸ್ಟ್ರೇಟ್‌ವಾಲ್ (ಪಕ್ಕೆ ನೇರ ಇರುವ, ಕುತ್ತಿಗೆ ಇಲ್ಲದ) ತೋಟಾದ ರೈಫಲ್‌ಗಳನ್ನು ಜಿಂಕೆಗೆ ಬಿಟ್ಟಿದೆ. 2019ರಲ್ಲಿ ವಿಂಚೆಸ್ಟರ್ .350 ತಂದ ಮೇಲೆ ಮಕ್ಕಳಿಗೆ ಶಾಟ್‌ಗನ್ ಯಾಕೆ ಬೇಕು? ಒದೆ ಕಮ್ಮಿ, ಗುರಿ ಚೆನ್ನ, ತೋಟಾ ಅಗ್ಗ.

ರೇಂಜ್_ರಾಯರು

ನಿಜ, ಬರೀ ಜಿಂಕೆಗಾದರೆ ಅದೇ ಒಳ್ಳೆಯದು ಅಂತ ನಾನೂ ಒಪ್ಪುತ್ತೇನೆ. ಸ್ಲಗ್ ಕೋವಿಯ ಹಳೇ ಮಹತ್ವ ಬಂದಿದ್ದೇ ಈ ಸಮತಟ್ಟು, ಜನ ಜಾಸ್ತಿ ಇರುವ ರಾಜ್ಯಗಳಲ್ಲಿ ರೈಫಲ್ ಬಿಡದಿದ್ದರಿಂದ. ಮ್ಯಾಸಚುಸೆಟ್ಸ್‌ನಲ್ಲಿ ಇವತ್ತಿಗೂ ಜಿಂಕೆಗೆ ರೈಫಲ್ ಇಲ್ಲ. ಆದರೆ ಇವರು ಕೇಳಿದ್ದು ಒಂದೇ ಕೋವಿ, 500 ಡಾಲರ್. 20 ಗೇಜ್ ಆದರೆ ಬೇಸಿಗೆಯಲ್ಲಿ ಮಣ್ಣಿನ ತಟ್ಟೆಗೆ ಹೊಡೆಯಬಹುದು, ಸೆಪ್ಟೆಂಬರ್‌ನಲ್ಲಿ ಅಳಿಲು, ಪಾರಿವಾಳ, ನವೆಂಬರ್‌ನಲ್ಲಿ ಜಿಂಕೆ, ವಸಂತದಲ್ಲಿ ಟರ್ಕಿ. ಮಗು ಕೋವಿಯ ಜೊತೆ ವರ್ಷವಿಡೀ ಒಡನಾಡುತ್ತದೆ. ವರ್ಷಕ್ಕೆ ಎರಡು ದಿನ ಪೆಟ್ಟಿಗೆಯಿಂದ ತೆಗೆಯುವ ರೈಫಲ್‌ಗಿಂತ ಅದು ಮೇಲು.

ಡೇಟನ್_ದಾವಣಗೆರೆ

ಅಳಿಲಿನ ಪಾಯಿಂಟ್ ಸರಿ. ನನ್ನ ಓಟು ಇನ್ನೂ .350ಗೇ.

ಎಚ್1ಬಿ_ಹುಡುಗ

ನನಗೂ ಆಸೆ. ಆದರೆ ನಾನಿರುವುದು ಎಚ್1ಬಿ, ಮಗ ಎಚ್4. ನಾವು ಕೋವಿ ಮುಟ್ಟಬಹುದಾ?

ಮಿಡ್‌ವೆಸ್ಟ್_ಅಮ್ಮ

ಇದನ್ನು ಎಲ್ಲರೂ ಗಮನವಿಟ್ಟು ಓದಿ ದಯವಿಟ್ಟು. ನಾನ್-ಇಮಿಗ್ರಂಟ್ ವೀಸಾದಲ್ಲಿ ಬಂದವರು ಕೋವಿಯಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಎಚ್1ಬಿ, ಎಚ್4, ಎಫ್1 ಎಲ್ಲ ಇದರಲ್ಲೇ ಬರುತ್ತವೆ. "ಸ್ನೇಹಿತನದ್ದು, ರೇಂಜ್‌ನಲ್ಲಿ ಸುಮ್ನೆ ಹಿಡಿದು ನೋಡಿದೆ" ಅನ್ನುವುದು ನೆಪ ಆಗುವುದಿಲ್ಲ. ಇದಕ್ಕೆ ಕೆಲವು ವಿನಾಯಿತಿ ಇವೆ. ನಮ್ಮಂಥವರಿಗೆ ಉಪಯೋಗಕ್ಕೆ ಬರುವುದು ಒಂದು: ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಯಲ್ಲಿರಬೇಕು. ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು, ಕೋವಿ ಮಾತ್ರ ಕಪಾಟಿನಲ್ಲೇ ಇರುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧ ಇಲ್ಲ. ರಾಜ್ಯದ ನಿಯಮ ಬೇರೆ ಇರುತ್ತದೆ. ಇಲ್ಲಿ ನಾಲ್ಕು ಜನ ಹೇಳಿದ್ದನ್ನು ನಂಬಿಕೊಂಡು ಅಂಗಡಿಗೆ ಹೋಗಬೇಡಿ, ಮೊದಲು ಇಮಿಗ್ರೇಶನ್ ವಕೀಲರನ್ನು ಕೇಳಿ. ಒಂದು ಶೋಕಿಗೆ ಗ್ರೀನ್ ಕಾರ್ಡ್ ಸಾಲು ಕಳೆದುಕೊಳ್ಳುವುದು ಬೇಡ.

ಎಚ್1ಬಿ_ಹುಡುಗ

ಅಬ್ಬಾ. ಹೋದ ತಿಂಗಳು ಟೀಮ್ ಔಟಿಂಗ್ ಅಂತ ರೇಂಜ್‌ಗೆ ಕರೆದಿದ್ದರು, ಜ್ವರ ಬಂದು ಹೋಗಲಿಲ್ಲ. ಜ್ವರಕ್ಕೆ ನಮಸ್ಕಾರ.

ಸಕಲೇಶಪುರ_ಟು_ಓಹಾಯೋ

ಅಪ್‌ಡೇಟ್. ಸೆಕೆಂಡ್ ಹ್ಯಾಂಡ್ 20 ಗೇಜ್ ಯೂತ್ ಪಂಪ್ ತಗೊಂಡೆವು. ಕೋಟು ಹಾಕಿಸಿಯೇ ಅಳತೆ ನೋಡಿದೆವು, ಅಂಗಡಿಯವನು ನಿಜವಾಗಿಯೂ ನಕ್ಕ. ಜೊತೆಗೆ ಎರಡು ನಳಿಗೆ ಬಂತು: ಒಂದು ನುಣುಪು ಒಳಮೈಯದು, ಇನ್ನೊಂದರ ಒಳಗೆ ಸುರುಳಿ ಗೀರು ಇದೆ. ಯಾವ ತೋಟಾ ಯಾವುದಕ್ಕೆ? ಎಷ್ಟು ದೂರಕ್ಕೆ ಹೊಡೆಸಲಿ?

ರೇಂಜ್_ರಾಯರು

ಒಳ್ಳೆ ವ್ಯಾಪಾರ ಆಯಿತು. ನುಣುಪು ನಳಿಗೆಗೆ "ರೈಫಲ್ಡ್ ಸ್ಲಗ್" ಅಂತ ಬರೆದ ತೋಟಾ. ಅದು ಮೆತ್ತನೆ ಸೀಸ, ತೂಕ ಎಲ್ಲ ಮೂತಿಯ ಕಡೆ, ಆದ್ದರಿಂದ ತಿರುಗದೆಯೂ ನೇರ ಹೋಗುತ್ತದೆ. ಚೋಕ್ (ನಳಿಗೆ ತುದಿಯ ಬಿಗಿತ) ಸಡಿಲದ್ದು, ಸಿಲಿಂಡರ್ ಅಥವಾ ಇಂಪ್ರೂವ್ಡ್ ಸಿಲಿಂಡರ್ ಇರಲಿ. ಟರ್ಕಿ ಚೋಕ್‌ನಂಥ ಬಿಗಿ ಚೋಕ್‌ನಲ್ಲಿ ಸ್ಲಗ್ ಹೊಡೆಯಲೇಬಾರದು. ಗೀರಿನ ನಳಿಗೆಗೆ "ಸೇಬೋ" ಸ್ಲಗ್. ಅದರ ಪ್ಲಾಸ್ಟಿಕ್ ಹೊದಿಕೆ ಗೀರು ಕಚ್ಚಿಕೊಂಡು ಗುಂಡನ್ನು ತಿರುಗಿಸುತ್ತದೆ. ಸೇಬೋವನ್ನು ನುಣುಪು ನಳಿಗೆಯಲ್ಲಿ ಹೊಡೆದರೆ ದುಡ್ಡು ಗಾಳಿಗೆ.

ಮೊದಲ ವರ್ಷ ನುಣುಪು ನಳಿಗೆ, ಮೇಲೊಂದು ರೆಡ್ ಡಾಟ್ (ಗುರಿಗೆ ಕೆಂಪು ಚುಕ್ಕೆ ತೋರಿಸುವ ಗಾಜು) ಸಾಕು. ದುರ್ಬೀನು ಹಾಕಿದರೆ ಕಣ್ಣು ಇಂತಿಷ್ಟೇ ದೂರ ಇರಬೇಕು, ಮಗು ಮುಂದೆ ಬಾಗಿದರೆ ಒದೆತಕ್ಕೆ ಹುಬ್ಬು ಸೀಳುತ್ತದೆ. ರೆಡ್ ಡಾಟ್‌ಗೆ ಆ ಕಾಟ ಇಲ್ಲ. ಒಂಬತ್ತು ಅಂಗುಲದ ಪೇಪರ್ ತಟ್ಟೆ ನೇತುಹಾಕಿ. ಕೂತು, ಮೂರುಕಾಲಿನ ಕೋಲಿಗೆ ಆನಿಸಿ ಹೊಡೆದಾಗ ಎಲ್ಲ ಏಟೂ ಎಷ್ಟು ದೂರದವರೆಗೆ ತಟ್ಟೆಯೊಳಗೆ ಬೀಳುತ್ತದೋ ಅದೇ ಅವಳ ಮಿತಿ. 40 ಗಜ ಬಂದರೆ 40, 30 ಬಂದರೆ 30. ಪೆಟ್ಟಿಗೆ ಮೇಲೆ ಕಂಪನಿ ಏನೇ ಬರೆದಿರಲಿ.

ಕಲಿಸುವ ಕ್ರಮ ಹೀಗಿರಲಿ. ಮೊದಲು ಯಾವ ಕಣ್ಣು ಬಲವಾದದ್ದು ನೋಡಿಕೊಳ್ಳಿ. ಆಮೇಲೆ .22 ರೈಫಲ್‌ನಲ್ಲಿ ಉಸಿರು, ಗುರಿ, ಕುದುರೆ ಮೆಲ್ಲಗೆ ಒತ್ತುವುದು. ನಂತರ ಇದೇ ಕೋವಿಯಲ್ಲಿ ಹಗುರ ಚರೆ ತೋಟಾ. ಸ್ಲಗ್ ಕೊನೆಗೆ, ಒಂದು ಸಲಕ್ಕೆ ಮೂರೋ ನಾಲ್ಕೋ. ರೆಡ್ ಡಾಟ್ ಹೊಂದಿಸುವ ಬೇಸರದ ಕೆಲಸ ನೀವು ಮಾಡಿ. ಬೆಂಚಿನ ಮೇಲೆ ಬಾಗಿ ಹೊಡೆಯುವಾಗಲೇ ಒದೆ ಜಾಸ್ತಿ ತಾಗುವುದು, ಆ ಏಟು ನಿಮ್ಮ ಭುಜಕ್ಕಿರಲಿ. ಕಿವಿಗೆ ಒಳಗೊಂದು ಬಿರಡೆ, ಹೊರಗೊಂದು ಮಫ್. ಅರ್ಧ ಹೆದರಿಕೆ ಶಬ್ದದ್ದು, ಒದೆಯದ್ದಲ್ಲ. ನಡುವೆ ಅವಳಿಗೆ ಗೊತ್ತಾಗದಂತೆ ಒಂದು ಡಮ್ಮಿ ತೋಟಾ ಹಾಕಿ ಕೊಡಿ. ಕ್ಲಿಕ್ ಅಂದಾಗ ನಳಿಗೆ ಕದಲದಿದ್ದರೆ ಸರಿ. ಕೆಳಗೆ ಕುಕ್ಕಿದರೆ ಅವತ್ತಿಗೆ ಸ್ಲಗ್ ಬಂದ್, ಚರೆಗೆ ವಾಪಸ್.

ಪೆನ್ಸಿಲ್ವೇನಿಯಾ_ಕೊಡವ

ಒಂದು ಮುಖ್ಯ ಮಾತು ಸೇರಿಸುತ್ತೇನೆ. ಪಕ್ಕದ ಅಜ್ಜನದ್ದು 12, ನಿಮ್ಮದು 20. ಎರಡೂ ತೋಟಾ ಒಂದೇ ಜೇಬಿನಲ್ಲಿ ಇರಕೂಡದು. 20ರ ತೋಟಾ 12ರ ನಳಿಗೆಯೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ, ಹೊರಗೆ ಕಾಣುವುದಿಲ್ಲ. ಖಾಲಿ ಇದೆ ಅಂದುಕೊಂಡು ಹಿಂದೆ 12ರ ತೋಟಾ ಹಾಕಿ ಹೊಡೆದರೆ ನಳಿಗೆ ಕೈಯಲ್ಲೇ ಸಿಡಿಯುತ್ತದೆ. 20 ಗೇಜ್ ತೋಟಾಕ್ಕೆ ಹಳದಿ ಬಣ್ಣ ಮಾಡಿರುವುದೇ ಈ ಕಾರಣಕ್ಕೆ. ಅಂದ ಅಲ್ಲ ಅದು.

ನಮ್ಮ ಕಡೆ ಗಂಡು ಮಗು ಹುಟ್ಟಿದರೆ ಗಾಳಿಗೆ ಈಡು ಹೊಡೆದು ಊರಿಗೆ ತಿಳಿಸುತ್ತಿದ್ದರು. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ. ಹಾಗೆ ಬೆಳೆದವನು ನಾನು. ಪೂಜೆಗೆ ಇಟ್ಟ ಕೋವಿಯನ್ನೂ ಮೊದಲು ತೆರೆದು ನೋಡಿಯೇ ಮುಟ್ಟುವುದು. ಬೇರೆ ಏನು ಮರೆತರೂ ಮಗಳಿಗೆ ಅದೊಂದನ್ನು ಕಲಿಸಿ.

ಡೇಟನ್_ದಾವಣಗೆರೆ

ಅಣ್ಣ, ಹಾಗಾದರೆ ಕೊಡಗಿನಲ್ಲಿ ಈಗಲೂ ಬೇಟೆ ನಡೆಯುತ್ತಾ?

ಪೆನ್ಸಿಲ್ವೇನಿಯಾ_ಕೊಡವ

ಇಲ್ಲಪ್ಪ. ಕೊಡವರಿಗಿರುವ ಲೈಸೆನ್ಸ್ ವಿನಾಯಿತಿ ಕೋವಿ ಇಟ್ಟುಕೊಳ್ಳೋಕೆ ಮಾತ್ರ. ಅದು ಬ್ರಿಟಿಷರ ಕಾಲದ್ದು, ಈಗ 2029ರವರೆಗೆ ವಿಸ್ತರಿಸಿದ್ದಾರೆ. ಜಿಂಕೆ, ಕಡವೆಗೆ ಹೊಡೆದರೆ 1972ರ ವನ್ಯಜೀವಿ ಕಾಯ್ದೆ ಎಲ್ಲರಿಗೂ ಒಂದೇ, ಸೀದಾ ಜೈಲು. ರಜೆಗೆ ಊರಿಗೆ ಹೋದಾಗ ಮಗಳು ಅಜ್ಜಿಯ ತೋಟದಲ್ಲಿ ಜಿಂಕೆ ಕಂಡು "ಅಪ್ಪಾ, ಎಷ್ಟು ಗಜ?" ಅಂತ ಕೇಳದಿರಲಿ!

ಮಿಡ್‌ವೆಸ್ಟ್_ಅಮ್ಮ

😀 ಮಕ್ಕಳು ಕೇಳೇ ಕೇಳುತ್ತಾರೆ.

ಸರ್, ಕಾಡಿನಲ್ಲಿ ಎಲ್ಲಿ ಕೂರುತ್ತೀರಿ? ನಮ್ಮೂರ ಮಂದಿಗೆ ಮರಸು ಕೂರುವುದು (ಅಡಗಿ ಕಾಯುವುದು) ಅಂದರೆ ಮರ ಹತ್ತುವ ಆಸೆ. ಮೊದಲ ವರ್ಷ ಬೇಡ. ಇಲ್ಲಿ ಬೇಟೆಗಾರರು ಗಾಯ ಮಾಡಿಕೊಳ್ಳುವುದರಲ್ಲಿ ಟ್ರೀ ಸ್ಟ್ಯಾಂಡ್‌ನಿಂದ (ಮರಕ್ಕೆ ಕಟ್ಟುವ ಅಟ್ಟ) ಬೀಳುವುದೇ ದೊಡ್ಡ ಪಾಲು. ನೆಲದ ಮೇಲಿನ ಗುಡಾರದಂಥ ಬ್ಲೈಂಡ್ ಹಾಕಿ. ಮಗು ಕಾಲು ಅಲ್ಲಾಡಿಸಿದರೂ ಜಿಂಕೆಗೆ ಕಾಣುವುದಿಲ್ಲ, ಬಿಸ್ಕೆಟ್ ತಿನ್ನಬಹುದು, ಕೈ ಬೆಚ್ಚಗೆ ಇಟ್ಟುಕೊಳ್ಳಬಹುದು. ಚಳಿ ತಡೆಯದೆ "ಮನೆಗೆ ಹೋಗೋಣ" ಅಂದರೆ ಎದ್ದು ಬನ್ನಿ. ಇನ್ನರ್ಧ ಗಂಟೆ ಅಂತ ಕೂರಿಸಿದರೆ ಮುಂದಿನ ವರ್ಷ ಬರುವುದಿಲ್ಲ.

ರೇಂಜ್_ರಾಯರು

ಯೂತ್ ಸೀಸನ್ ನಿಯಮ ಒಂದು ನೆನಪಾಯಿತು. ಜೊತೆಗಿರುವ ದೊಡ್ಡವರು ಬೇಟೆ ಆಡುವಂತಿಲ್ಲ, ಒಬ್ಬರ ಜೊತೆ ಇಬ್ಬರು ಮಕ್ಕಳಿಗಿಂತ ಜಾಸ್ತಿ ಇರುವಂತಿಲ್ಲ. ಅಜ್ಜನಿಗೆ ಈಗಾಗಲೇ ಇಬ್ಬರು ಮೊಮ್ಮಕ್ಕಳು. ಅಂದರೆ ನೀವೇ ಹೋಗಬೇಕು ಸಾರ್! ಇಬ್ಬರಿಗೂ ಕಿತ್ತಳೆ ಬಣ್ಣದ ಜಾಕೆಟ್ ಕಡ್ಡಾಯ. ಮಗಳಿಗೆ ಲೈಸೆನ್ಸ್ ಬೇರೆ, ಡೀರ್ ಪರ್ಮಿಟ್ ಬೇರೆ. ಅಜ್ಜ ಎಷ್ಟೇ ಬೇಕಾದವರಾಗಿರಲಿ, ಹೊಲಕ್ಕೆ ಅವರಿಂದ ಲಿಖಿತ ಅನುಮತಿ ತಗೊಳ್ಳಿ. ಜಿಂಕೆ ಸಿಕ್ಕರೆ ಗೇಮ್ ಚೆಕ್ (ಇಲಾಖೆಗೆ ವರದಿ) ಮಾಡುವುದಿದೆ, ಮರುದಿನ ಮಧ್ಯಾಹ್ನ 12ರ ಒಳಗೆ. ದಿನಾಂಕ, ನಿಯಮ ಪ್ರತಿ ವರ್ಷ ಸಣ್ಣಪುಟ್ಟ ಬದಲಾಗುತ್ತವೆ, ಈ ವರ್ಷದ ಪುಸ್ತಿಕೆ ನೋಡಿಕೊಳ್ಳಿ.

ಸಕಲೇಶಪುರ_ಟು_ಓಹಾಯೋ

ನಾನೇ ಹೋಗಬೇಕಾ! ಹೆಂಡತಿಗೆ ಹೇಳಿದೆ, ನಗು ನಿಲ್ಲಿಸ್ತಾ ಇಲ್ಲ. ಸರಿ, ಇಬ್ಬರಿಗೂ ಜಾಕೆಟ್ ತಂದೆ. ಏಟು ಎಲ್ಲಿಗೆ ಹಾಕಬೇಕು ಅಂತ ಮಗಳಿಗೆ ಚಿತ್ರ ತೋರಿಸ್ತಾ ಇದ್ದೇನೆ.

ಪೆನ್ಸಿಲ್ವೇನಿಯಾ_ಕೊಡವ

ಜಿಂಕೆ ಅಡ್ಡಕ್ಕೆ ನಿಂತಾಗ ಮಾತ್ರ. ಮುಂಗಾಲಿನ ಗೆರೆ ಹಿಡಿದು ಮೇಲೆ ಹೋಗಿ, ದೇಹದ ಮೂರನೇ ಒಂದು ಭಾಗ ಎತ್ತರದಲ್ಲಿ, ಕಾಲಿನ ಸ್ವಲ್ಪ ಹಿಂದೆ. ಅಲ್ಲಿ ಹೃದಯ, ಪುಪ್ಪುಸ ಎರಡೂ ಇವೆ. ಎದುರು ಮುಖ, ಕುತ್ತಿಗೆ, ತಲೆ, ಓಡುವ ಜಿಂಕೆ, ಎಲ್ಲಕ್ಕೂ "ಬೇಡ" ಅನ್ನುವುದನ್ನು ಈಗಲೇ ಅಭ್ಯಾಸ ಮಾಡಿಸಿ. ಹಿಂದೆ ಏನಿದೆ ಅಂತ ನೋಡದೆ ಹೊಡೆಯಕೂಡದು. ತಪ್ಪಿದ ಸ್ಲಗ್ ಅರ್ಧ ಮೈಲಿ ಹೋದರೂ ಆಶ್ಚರ್ಯ ಇಲ್ಲ, ನಿಮ್ಮ ಹೊಲಗಳು ಬೇರೆ ಸಮತಟ್ಟು. ಏಟು ಬಿದ್ದ ಮೇಲೆ ಜಿಂಕೆ ಓಡಿದರೆ ಹಿಂದೆಯೇ ಓಡಬೇಡಿ. ಅರ್ಧ ಗಂಟೆ ಕೂತಿರಿ, ಆಮೇಲೆ ರಕ್ತದ ಗುರುತು ಹಿಡಿದು ಹೋಗಿ.

ಬಸವನಗುಡಿ_ಬಾಯ್

ಇನ್ನೂ ಓದ್ತಾ ಇದ್ದೀನಿ. ಒಂದೇ ಪ್ರಶ್ನೆ. ಕೊನೇ ಗಳಿಗೆಯಲ್ಲಿ ಅವಳಿಗೇ ಹೊಡೆಯೋದು ಬೇಡ ಅನ್ನಿಸಿದರೆ?

ಮಿಡ್‌ವೆಸ್ಟ್_ಅಮ್ಮ

ಹೊಡೆಯುವುದು ಬೇಡ, ಅಷ್ಟೇ. ನನ್ನ ಮಗ ಮೊದಲ ವರ್ಷ ಮರಿ ಜೊತೆಗಿದ್ದ ಹೆಣ್ಣು ಜಿಂಕೆ ನೋಡಿ ಕೋವಿ ಇಳಿಸಿಬಿಟ್ಟ. ಯಾರೂ ಒಂದು ಮಾತು ಆಡಲಿಲ್ಲ. ಮುಂದಿನ ವರ್ಷ ತಾನೇ ಕೇಳಿ ಹೊರಟ. ಈ ಮಾತನ್ನು ಮಗಳಿಗೆ ಮನೆಯಲ್ಲೇ ಹೇಳಿಬಿಡಿ ಸರ್, ಬ್ಲೈಂಡ್‌ನಲ್ಲಿ ಕೂತಾಗ ಅಲ್ಲ.

ಸಕಲೇಶಪುರ_ಟು_ಓಹಾಯೋ

ಹೇಳುತ್ತೇನೆ ಅಕ್ಕ. ಮಾಂಸದ ಬಗ್ಗೆ ಒಂದು: ಮನೆಯಲ್ಲಿ ಫ್ರೀಜರ್ ಚಿಕ್ಕದು. ಕಾಯಿಲೆ ಗೀಯಿಲೆ ಅಂತಲೂ ಕೇಳಿದೆ?

ಡೇಟನ್_ದಾವಣಗೆರೆ

ಸಿಡಬ್ಲ್ಯುಡಿ ಅಂತ ಜಿಂಕೆಗಳ ಮಿದುಳಿನ ಕಾಯಿಲೆ. ಓಹಾಯೋದ ಕಾಡು ಜಿಂಕೆಯಲ್ಲಿ ಮೊದಲು ವಯಾಂಡಾಟ್ ಕೌಂಟಿಯಲ್ಲಿ ಕಂಡಿತು, ಆಮೇಲೆ ಅಕ್ಕಪಕ್ಕದಲ್ಲೂ. ಮನುಷ್ಯರಿಗೆ ಬಂದ ಉದಾಹರಣೆ ಇಲ್ಲ. ಆದರೂ ಆ ಕಡೆಯ ಜಿಂಕೆಯಾದರೆ ಪರೀಕ್ಷೆ ಮಾಡಿಸಿ, ರಿಸಲ್ಟ್ ಬರುವವರೆಗೆ ತಿನ್ನಬೇಡಿ. ಮಾಂಸ ಜಾಸ್ತಿಯಾದರೆ ಫಾರ್ಮರ್ಸ್ ಆಂಡ್ ಹಂಟರ್ಸ್ ಫೀಡಿಂಗ್ ದ ಹಂಗ್ರಿ ಅನ್ನುವ ಸಂಸ್ಥೆ ಇದೆ. ಅವರ ಜೊತೆ ಸೇರಿರುವ ಕಸಾಯಿ ಅಂಗಡಿಗೆ ಕೊಟ್ಟರೆ ಫುಡ್ ಬ್ಯಾಂಕ್‌ಗೆ ಹೋಗುತ್ತದೆ. ಮನೆಗೆ ಉಳಿಸಿಕೊಂಡದ್ದನ್ನು ಕುಕ್ಕರ್‌ನಲ್ಲೇ ಬೇಯಿಸಿ. ಕೊಬ್ಬೇ ಇಲ್ಲದ ಮಾಂಸ, ಬಾಣಲೆಯಲ್ಲಿ ಚಪ್ಪಲಿ ಆಗುತ್ತದೆ.

ಪೆನ್ಸಿಲ್ವೇನಿಯಾ_ಕೊಡವ

ಕಾಚಂಪುಳಿ (ನಮ್ಮ ಕೊಡಗಿನ ಅಡುಗೆಯ ಹುಳಿ) ಬೇಕಾದರೆ ಮೆಸೇಜ್ ಮಾಡಿ, ಊರಿಂದ ತಂದ ಬಾಟಲಿ ಇದೆ.

ರೇಂಜ್_ರಾಯರು

ಅಡುಗೆಗೆ ಹೋಗುವ ಮುಂಚೆ: ಈಗ ಅಭ್ಯಾಸ ಮಾಡುತ್ತಿರುವ ಸ್ಲಗ್‌ನದ್ದೇ ಇನ್ನೆರಡು ಪೆಟ್ಟಿಗೆ ಇವತ್ತೇ ತಂದಿಡಿ. ಸೀಸನ್ ಹತ್ತಿರ ಬಂದರೆ 20 ಗೇಜ್ ಸ್ಲಗ್ ಅಂಗಡಿಯಲ್ಲಿ ಇರುವುದಿಲ್ಲ. ಬೇರೆ ಬ್ರಾಂಡ್ ತಂದರೆ ಏಟು ಬೀಳುವ ಜಾಗವೇ ಬದಲಾಗುತ್ತದೆ, ಮತ್ತೆ ಪೇಪರ್ ತಟ್ಟೆಯಿಂದ ಶುರು ಮಾಡಬೇಕು.

ಸಕಲೇಶಪುರ_ಟು_ಓಹಾಯೋ

ಈಗಲೇ ಹೊರಟೆ. ಹಳದಿ ಬಣ್ಣದ್ದು, ಗೊತ್ತು!